ಕುಣಿಯಿಲ್ಲದ ಕಂಬ

ಸಂಕ್ರಾಂತಿ ಕಳೆದು ಎರಡನೇ ವಾರ. ಗುರುವಾರ, ಬೆಳಿಗ್ಗೆ ಆರೂವರೆ ಗಂಟೆ. ಸಿರುಗುಪ್ಪದ ಅಕ್ಕಿ ಮಿಲ್ಲಿನ ಕಣದಲ್ಲಿ ಭತ್ತದ ರಾಶಿಗಳಿಗೆ ಹೊದಿಸಿದ ತಾಡಪಾಲಿನ ಮೇಲೆ ಇಬ್ಬನಿ ಕೂತಿತ್ತು. ಆ ಮಿಲ್ಲಿಗೆ ನಾನು ಕಾವಲಿನವನು. ಗೇಟಿನ ಪಕ್ಕ ಹೊಟ್ಟಿನ ಬೆಂಕಿ ಹಾಕಿಕೊಂಡು ಕೈ ಕಾಯಿಸುತ್ತಿದ್ದಾಗ ಒಂದು ಉದ್ದನೆಯ ಗಾಡಿ ಬಂದು ನಿಂತಿತು.

ಭತ್ತದ ಗಾಡಿ ಅಷ್ಟು ಹೊತ್ತಿಗೆ ಬರುವುದಿಲ್ಲ. ಎದ್ದು ಹೋಗಿ ನೋಡಿದೆ. ಮೇಲೆ ಎರಡು ಬಿಳಿಯ, ಉದ್ದುದ್ದ ತೊಟ್ಟಿಯಂಥವು. ಹೊಟ್ಟೆ ದುಂಡಗೆ, ಮೂತಿ ಚೂಪು. ಅವುಗಳ ನಡುವೆ ಒಂದು ಕಂಬ, ಗಾಡಿಯಿಂದ ಎರಡು ಮಾರು ಹಿಂದಕ್ಕೆ ಚಾಚಿಕೊಂಡಿತ್ತು. ತುದಿಗೆ ಕೆಂಪು ಬಟ್ಟೆ ಕಟ್ಟಿದ್ದರು. ತೊಟ್ಟಿಗಳು ಏನೆಂದು ನಾನು ಕೇಳಲಿಲ್ಲ. ನನ್ನ ಕಣ್ಣು ಕಂಬದ ಮೇಲೆ ನಿಂತಿತು. ಮೂವತ್ತೊಂದು ವರ್ಷ ಕರೆಂಟಿನ ಲೈನ್ ಗ್ಯಾಂಗಿನಲ್ಲಿ ಕಂಬ ಎತ್ತಿದವನು ನಾನು. ಇದು ಕಬ್ಬಿಣವಲ್ಲ, ಸಿಮೆಂಟಲ್ಲ. ಒಳಗೆ ಪೊಳ್ಳಿರಬೇಕು. ಅಡ್ಡ ಕೊಯ್ದರೆ ದುಂಡಗಿರದೆ ಹುಣಿಸೆ ಬೀಜದ ಹಾಗೆ ಕಾಣುತ್ತದೆ. ಅದು ಯಾಕೆ ಹಾಗೆ ಎಂದು ಯೋಚಿಸುತ್ತಿರುವಾಗಲೇ ಗಾಡಿಯಿಂದ ಒಬ್ಬ ಹುಡುಗಿ ಇಳಿದು, ತಾತ ಅಂದಳು.

ನಮ್ಮ ಅಕ್ಕನ ಮೊಮ್ಮಗಳು ರೇಣುಕಾ. ಹಚ್ಚೊಳ್ಳಿಯವಳು. ಅವಳಿಗೆ ನಾಲ್ಕು ವರ್ಷವಿದ್ದಾಗ ತಂದೆ ತಾಯಿ ಕಾಂಕ್ರೀಟ್ ಕೆಲಸಕ್ಕೆಂದು ಗೋವಾಕ್ಕೆ ಹೋದವರು, ಅಲ್ಲೇ ಉಳಿದರು. ಇವಳು ಸಮುದ್ರದ ದಂಡೆಯಲ್ಲಿ ಹಾಯಿದೋಣಿ ಕಲಿಸುವ ಒಂದು ಸಾಲೆಯಲ್ಲಿ ದೋಣಿಗಳ ಉಪ್ಪು ತೊಳೆಯುವ ಕೆಲಸಕ್ಕೆ ಸೇರಿಕೊಂಡು, ಈಗ ಇಪ್ಪತ್ತೈದರ ಹೆಂಗಸಾಗಿದ್ದಾಳೆ. ಗಾಡಿ ಓಡಿಸುವವನು ಹುಲಿಗೇಶ್, ಬಾದನಹಟ್ಟಿಯವನು. ಅವನೂ ಅದೇ ಸಾಲೆಯಲ್ಲಿ ಡ್ರೈವರ್. ಗಾಡಿಯ ಮೇಲಿದ್ದದ್ದು ಬಿಚ್ಚಿಟ್ಟ ಹಾಯಿದೋಣಿ, ಪಂದ್ಯಕ್ಕೆಂದು ಅದನ್ನು ಹೈದರಾಬಾದಿಗೆ ಒಯ್ಯುತ್ತಿದ್ದರು. ಬಳ್ಳಾರಿ ಬಜಾರಿನಲ್ಲಿ ಒಂದು ಹೊಸ ಹಗ್ಗ ಕೊಂಡು, ಕುರುಗೋಡಿನ ಮೇಲೆ ಹಾದು, ಹುಲಿಗೇಶನ ಮನೆಯಲ್ಲಿ ಉಂಡು ಮಲಗಿ, ನೇರ ನನ್ನ ಹತ್ತಿರ ಬಂದಿದ್ದರು.

"ತಾತ, ಎರಡು ದಿನ ನಿನ್ನ ಕಣ ಬೇಕು," ಅಂದಳು ರೇಣುಕಾ. "ನೀರಿಗಿಳಿಸಾಕಲ್ಲ. ಈ ಕಂಬ ಎಬ್ಬಿಸೋದು ಕೈಗೆ ರೂಢಿ ಆಗಬೇಕು."

ಆಮೇಲೆ ಬೆಂಕಿಯ ಮುಂದೆ ಕೂತು ಸಂಗತಿ ಹೇಳಿದಳು. ಸಾಲೆಯಲ್ಲಿ ದೋಣಿ ಶೆಡ್ಡು ನೋಡಿಕೊಳ್ಳುವ ಮೇಸ್ತ್ರಿ ವಯಸ್ಸಾಗಿ ಬಿಡುತ್ತಿದ್ದಾನೆ. ಶೆಡ್ಡಿನ ಬೀಗದ ಕೈ ಅವಳಿಗೇ ಬರಬೇಕು, ಒಂದೊಂದು ಬೋಲ್ಟೂ ಅವಳಿಗೆ ಗೊತ್ತು. ಆದರೆ ಸಾಲೆ ನಡೆಸುವ ಸಾಹೇಬರಿಗೆ ಅನುಮಾನ. ಕಂಬ ಎಬ್ಬಿಸುವುದನ್ನು ಇಷ್ಟು ವರ್ಷ ಗಂಡಸರೇ ಮಾಡಿದ್ದಾರೆ. ಇವಳು ನಾಲ್ವರಲ್ಲಿ ಒಬ್ಬಳಾಗಿ ಕೈ ಹಚ್ಚಿದ್ದಾಳೆ, ಅಷ್ಟೆ. ಅದಕ್ಕೆ ಅವರು ಒಂದು ಮಾತು ಇಟ್ಟಿದ್ದರು. ಸೋಮವಾರ ಹೈದರಾಬಾದಿನ ಕೆರೆ ದಂಡೆಯಲ್ಲಿ, ಪಂದ್ಯಕ್ಕೆ ಬಂದವರೆಲ್ಲರ ಎದುರಿಗೆ, ಅವಳು ಒಬ್ಬರನ್ನೇ ಜೊತೆಗೆ ಹಿಡಿದು ಕಂಬ ನಿಲ್ಲಿಸಬೇಕು. ಆ ಒಬ್ಬರು ಯಾರಾದರೂ ಆಗಬಹುದು. ನಿಂತರೆ ಶೆಡ್ಡು ಅವಳದು. ಇಲ್ಲವಾದರೆ ಮುಂಬೈ ಕಡೆಯವನೊಬ್ಬ ಕಾದಿದ್ದಾನೆ, ಇವಳು ಮತ್ತೆ ಉಪ್ಪು ತೊಳೆಯಬೇಕು.

ಮಿಲ್ಲಿನ ಸಾವುಕಾರರನ್ನು ಕೇಳಿದೆ. ಭತ್ತ ಹರವುವುದಕ್ಕೆ ಮುಂಚೆ ಬೆಳಿಗ್ಗೆ ಎಂಟರವರೆಗೆ, ಮತ್ತೆ ರಾಶಿ ಮಾಡಿದ ಮೇಲೆ ಸಂಜೆ, ಏನಾದರೂ ಮಾಡಿಕೊಳ್ಳಿ ಅಂದರು. ನಾನು ಮೊದಲು ಮಾಡಿದ ಕೆಲಸ ಮೇಲೆ ನೋಡಿದ್ದು. ಗೇಟಿನ ಗುಂಟ ಹನ್ನೊಂದು ಸಾವಿರ ವೋಲ್ಟಿನ ಕರೆಂಟು ಲೈನು ಹೋಗಿದೆ. ಅಲ್ಲಿಂದ ಐವತ್ತು ಹೆಜ್ಜೆ ಎಣಿಸಿ, ತಂತಿಯ ನೆರಳೂ ಬೀಳದ ಮೂಲೆಯಲ್ಲಿ ದೋಣಿ ಇಳಿಸಿರೆಂದೆ.

ನಮ್ಮ ಕಡೆ ದೋಣಿ ಎಂದರೆ ಹರಿಗೋಲು. ದುಂಡಗೆ, ಒಂದೇ ಬುಟ್ಟಿ. ಇದು ಜೋಡಿ. ಎರಡು ತೊಟ್ಟಿಗಳನ್ನು ನಾಲ್ಕು ಮೊಳ ಅಂತರದಲ್ಲಿಟ್ಟು, ಮುಂದೊಂದು ಹಿಂದೊಂದು ಅಡ್ಡ ತೊಲೆ ಬಿಗಿದರು. ನಡುವೆ ದಪ್ಪ ಬಟ್ಟೆಯನ್ನು ಹೊರಸು ಮಂಚಕ್ಕೆ ನುಲಿ ಹಗ್ಗ ಎಳೆದಂತೆ ಎಳೆದೆಳೆದು ಕಟ್ಟಿದರು. ಕೂರುವುದು, ನಿಲ್ಲುವುದು ಎಲ್ಲ ಆ ಹೊರಸಿನ ಮೇಲೆಯೇ. ಮುಂದಿನ ತೊಲೆಯ ನಡುಮಧ್ಯೆ ಒಂದು ಸಣ್ಣ ಲೋಹದ ಬಟ್ಟಲು ಇತ್ತು. ಅಂಗೈಯಲ್ಲಿ ಅಡಗುವಷ್ಟು.

ಕಂಬ ಎಲ್ಲಿ ಹುಗಿಯುತ್ತೀರಿ ಎಂದು ಕೇಳಿದೆ. ರೇಣುಕಾ ಆ ಬಟ್ಟಲನ್ನು ತೋರಿಸಿದಳು. ಇಪ್ಪತ್ತಾರು ಅಡಿ ಕಂಬಕ್ಕೆ ಇಷ್ಟೇ ಬುಡ. ಮತ್ತೆ ಬೀಳದಂತೆ ಏನು ಹಿಡಿಯುತ್ತದೆ ಅಂದೆ. ಮೂರು ತಂತಿ ಅಂದಳು. ಎಡಕ್ಕೊಂದು, ಬಲಕ್ಕೊಂದು, ಮುಂದಕ್ಕೊಂದು.

"ಈ ತಂತಿಗೆ ಏನಂತೀರಿ ನಿಮ್ಮ ಕಡಿ?"

"ಸ್ಟೇ ಅಂತಾರ ತಾತ."

ನಮ್ಮ ಗ್ಯಾಂಗಿನಲ್ಲೂ ಕಂಬ ವಾಲದಂತೆ ನೆಲಕ್ಕೆ ಎಳೆದು ಕಟ್ಟುವ ತಂತಿಗೆ ಸ್ಟೇ ಎಂದೇ ಅನ್ನುತ್ತಿದ್ದೆವು. ಕೇಳಿ ನನಗೆ ಸಂತೋಷವಾಯಿತು. ಇದೂ ನಮ್ಮ ಕಂಬದ ಜಾತಿಯದೇ ಎಂದು ಆಗಲೇ ತೀರ್ಮಾನ ಮಾಡಿಕೊಂಡೆ. ತಪ್ಪು ಅಲ್ಲಿಂದ ಶುರುವಾಯಿತು.

ಎಂಟು ಗಂಟೆಗೆ ಹಚ್ಚೊಳ್ಳಿಯ ಟ್ರ್ಯಾಕ್ಟರಿನಲ್ಲಿ ಭತ್ತ ಹರವುವ ಹೆಣ್ಣಾಳುಗಳು ಬಂದರು. ಪಾರಮ್ಮ ಅವರ ಮುಂದಾಳು. ಐವತ್ತೈದು ದಾಟಿದವಳು. ಎರಡು ಕಾಲಿನಿಂದ ಸಾಲು ಎಳೆಯುತ್ತ ಭತ್ತ ತಿರುವಿ ಹಾಕುವುದರಲ್ಲಿ ಅವಳ ಸರಿಸಮ ಇಲ್ಲ. ಬಾಯಿ ಮಾತ್ರ ಒಂದು ಗಳಿಗೆ ಸುಮ್ಮನಿರುವುದಿಲ್ಲ.

"ನೀರಾಗ ಇರಾದು ನೆಲ್ಲಾಗ ಬಂದು ಕುಂತೈತಲ್ಲ ಜಂಬಣ್ಣ," ಅಂದಳು ನನ್ನ ಕಡೆ ತಿರುಗಿ. "ಹೊಳಿ ಅತ್ತಾಗ ಐತಿ ಅಂತ ಯಾರೂ ಹೇಳಿಲ್ಲೇನು ಇದಕ್ಕ?"

"ಹೇಳೀವಕ್ಕ," ಅಂದ ಹುಲಿಗೇಶ್. "ಮೊದ್ಲು ಒಂದು ಚೀಲ ಸೋನಾ ಮಸೂರಿ ಕೊಡ್ಸು, ಆಮ್ಯಾಲೆ ಹೋಗ್ತೀನಿ ಅಂತೈತಿ."

ಸಂಜೆ ರಾಶಿ ಕಟ್ಟಿದ ಮೇಲೆ ಮೊದಲ ಸಲ ಎಬ್ಬಿಸಿದರು. ಕಂಬವನ್ನು ಹಿಂದಕ್ಕೆ ಮಲಗಿಸಿ, ಅದರ ಬುಡವನ್ನು ಬಟ್ಟಲಿನ ಅಂಚಿನಲ್ಲಿ ಒಂದು ಕೀಲಿಗೆ ಸಿಕ್ಕಿಸಿದರು. ಬಾಗಿಲಿನ ಕೀಲಿನ ಹಾಗೆ, ಕಂಬ ಏಳುತ್ತ ಹೋದಂತೆ ಬುಡ ತಾನಾಗಿ ಬಟ್ಟಲಿಗೆ ಇಳಿಯಬೇಕು. ಎಡಬಲದ ತಂತಿಗಳನ್ನು ಮೊದಲೇ ಹಾಕಿಟ್ಟಿದ್ದರು. ರೇಣುಕಾ ಹೊರಸಿನ ಮೇಲೆ ನಿಂತು ಕಂಬವನ್ನು ಹೆಗಲಿಗೆ ಕೊಟ್ಟು ಮುಂದೆ ಮುಂದೆ ನಡೆಯಬೇಕು. ಮುಂದಿನ ತಂತಿಗೆ ಕಟ್ಟಿದ ಬಳ್ಳಾರಿಯ ಹಗ್ಗ ಹಿಡಿದು, ಹುಲಿಗೇಶ್ ನೆಲದ ಮೇಲೆ ನಿಂತು ಎಳೆಯಬೇಕು. ಕಂಬ ನಿಂತ ಮೇಲೆ ಅವನು ಹಗ್ಗ ಬಿಗಿಹಿಡಿದಿರುವಾಗ ಇವಳು ಮುಂದೆ ಬಂದು ತಂತಿಯ ತುದಿಯನ್ನು ದೋಣಿಯ ಮುಂಭಾಗದ ಲೋಹದ ಪಟ್ಟಿಯ ತೂತಿಗೆ ಸೇರಿಸಿ ಪಿನ್ನು ತೂರಿಸಬೇಕು. ಆ ಪಟ್ಟಿಯಲ್ಲಿ ಏಳೆಂಟು ತೂತುಗಳಿದ್ದವು. ಒಂದಕ್ಕೆ ಮಾತ್ರ ಕೆಂಪು ಬಣ್ಣ ಹಚ್ಚಿದ್ದರು. ಪಂದ್ಯದ ದೋಣಿ ಅಳತೆಯ ಮೇಲೆ ಓಡುವಂಥದ್ದು, ಕೆಂಪು ತೂತು ಬಿಟ್ಟು ಬೇರೆಯದಕ್ಕೆ ಹಾಕಿದರೆ ಆಗಲಿಲ್ಲವೆಂದೇ ಲೆಕ್ಕ ಎಂದು ಸಾಹೇಬರು ಹೇಳಿದ್ದರಂತೆ.

ಹುಲಿಗೇಶನಿಗೆ ಕಸುವು ಬಹಳ, ಕಿವಿ ಕಡಿಮೆ. ಇವಳು ಹೆಗಲು ಸರಿಮಾಡಿಕೊಳ್ಳುವ ಮೊದಲೇ ಜಗ್ಗಿದ. ಕಂಬದ ತುದಿ ಪಕ್ಕಕ್ಕೆ ಹೊರಳಿ ಭತ್ತದ ರಾಶಿಯ ಮೇಲೆ ಬಿತ್ತು. ಅಲ್ಲಿ ಸಿಮೆಂಟಿದ್ದರೆ ಆ ಕಂಬದ ಕತೆ ಮುಗಿಯುತ್ತಿತ್ತು. ರೇಣುಕಾ ತಾಡಪಾಲಿನ ಮೇಲೆ ಕೂತು ತನ್ನ ಹೆಗಲು ತಿಕ್ಕಿಕೊಂಡಳು.

ನಾನು ಹತ್ತಿರ ಹೋಗಿ, ನಮ್ಮ ಗ್ಯಾಂಗಿನಲ್ಲಿ ಹನ್ನೆರಡು ಮಂದಿ ಇದ್ದರೂ ದನಿ ಒಂದೇ ಇರುತ್ತಿತ್ತು ಎಂದು ಹೇಳಿದೆ. ಕೂಗುವವನು ಒಬ್ಬ. ಅವನು ಕೂಗುವ ತನಕ ಯಾರೂ ಉಸಿರು ಸಹ ಬಿಗಿಹಿಡಿಯಬಾರದು. ಕಂಬ ಕೆಳಗಿರುವಾಗ ಹಗ್ಗ ನೆಲಕ್ಕೆ ಮಟ್ಟಸವಾಗಿದ್ದರೆ ಎಳೆದದ್ದು ವ್ಯರ್ಥ, ಅದಕ್ಕೆ ಎರಡು ಬೊಂಬು ಕತ್ತರಿ ಕಟ್ಟಿ ಅದರ ಮೇಲಿಂದ ಹಗ್ಗ ಹಾಯಿಸುತ್ತಿದ್ದೆವು ಎಂದು, ತಾಡಪಾಲಿನ ಎರಡು ಗಳ ತಂದು ಮಾಡಿ ತೋರಿಸಿದೆ. ಅವಳು ಕಣ್ಣು ಮಿಟುಕಿಸದೆ ನೋಡಿದಳು. ಗೋವಾದಲ್ಲಿ ಇದನ್ನು ಯಾರೂ ಮಾಡುವುದಿಲ್ಲ ಅಂದಳು. ಎರಡು ಗಳ ಗಾಡಿಯಲ್ಲಿ ಹಾಕಿಕೊಳ್ಳಲು ಸಾವುಕಾರರು ಬಿಡುತ್ತಾರೇನು ಎಂದು ಕೇಳಿದಳು.

ಇನ್ನೊಂದು ವಿಷಯ ನಾನು ಅವಳಿಗೆ ಹೇಳಲಿಲ್ಲ. ಅದು ಹೇಳುವಂಥದ್ದಲ್ಲ.

ನಮ್ಮ ಗ್ಯಾಂಗಿನ ಮೇಸ್ತ್ರಿ ಮರಿಬಸಪ್ಪ, ಕುರುಗೋಡಿನವನು. ಹೊಸ ಲೈನಿನ ಮೊದಲ ಕಂಬ ಎತ್ತುವ ಮುಂಜಾನೆ, ಒಂದು ಅರಿಶಿನ ಕೊಂಬು, ಒಂದು ನಾಣ್ಯ ಹಳದಿ ಬಟ್ಟೆಯಲ್ಲಿ ಗಂಟು ಕಟ್ಟಿ, ಯಾರೂ ನೋಡದಂತೆ ಕಂಬ ಹುಗಿಯಲು ತೋಡಿದ ಕುಣಿಯಲ್ಲಿ ಇಡುತ್ತಿದ್ದ. ಕುಣಿಗಂಟು ಅನ್ನುತ್ತಿದ್ದೆವು. ಇಟ್ಟವನು ಲೈನಿನಲ್ಲಿ ಕರೆಂಟು ಹರಿಯುವ ತನಕ ಬಾಯಿಬಿಡಬಾರದು. ಒಂದು ಸಲ ಗ್ಯಾಂಗಿನವನೊಬ್ಬ ಕಂಡು, ಚಾ ಅಂಗಡಿಯಲ್ಲಿ ಆಡಿಬಿಟ್ಟ. ಅದೇ ವಾರ ಮಳೆಗೆ ಕಂಬ ವಾಲಿ ಮರಿಬಸಪ್ಪನ ಬಲಪಾದ ಜಜ್ಜಿಹೋಯಿತು. ಮಣ್ಣು ಹಸಿಯಿತ್ತು, ಸರಿಯಾಗಿ ಬಡಿದು ದಮ್ಮಸು ಮಾಡಿರಲಿಲ್ಲ. ಅದು ನನಗೆ ಗೊತ್ತಿಲ್ಲವೆಂದಲ್ಲ. ಆದರೂ ಅವನ ನಂತರ ಆ ಗಂಟು ಇಡುವ ಕೆಲಸ ನನಗೆ ಬಂದಾಗಿನಿಂದ ಒಂದು ಸಲವೂ ನಾನು ಬಾಯಿಬಿಟ್ಟವನಲ್ಲ.

ಶುಕ್ರವಾರ ಬೆಳಗಾಗುತ್ತಲೇ, ಅವರಿಬ್ಬರೂ ಬಸ್ ಸ್ಟ್ಯಾಂಡಿಗೆ ಚಾ ಕುಡಿಯಲು ಹೋದಾಗ, ಮಲಗಿಸಿದ್ದ ಕಂಬದ ಬುಡದ ಹತ್ತಿರ ಹೋಗಿ ಆ ಬಟ್ಟಲಿನಲ್ಲಿ ಗಂಟು ಇಟ್ಟೆ.

ಅವರು ಬಂದು ಕತ್ತರಿ ಗಳ ನಿಲ್ಲಿಸಿ ಎಬ್ಬಿಸಿದರು. ಕಂಬ ಸೊಗಸಾಗಿ ಎದ್ದಿತು. ಈ ಸಲ ಹುಲಿಗೇಶನೂ ಮಾತು ಕೇಳಿದ. ರೇಣುಕಾ ಮುಂದೆ ಬಂದು ತಂತಿಯ ತುದಿಯನ್ನು ಕೆಂಪು ತೂತಿಗೆ ತಂದಳು. ತಂತಿ ಗಿಡ್ಡವಾಗಿತ್ತು. ಅರ್ಧ ಬೆರಳಿನ ಅಗಲ, ಹೆಚ್ಚಿಲ್ಲ.

ಜಗ್ಗು ಅಂದಳು. ಅವನು ಜಗ್ಗಿದ. ಎಡಬಲದ ತಂತಿಗಳು ಗುಂಯ್ ಅಂದವು. ಅರ್ಧ ಬೆರಳು ಹಾಗೇ ಇತ್ತು. ಇಳಿಸಿದರು. ಎಡದ ತಂತಿ ಬಲಕ್ಕೆ ಹಾಕಿದ್ದೇನೋ ಎಂದು ಬದಲಿಸಿ ಮತ್ತೆ ಎಬ್ಬಿಸಿದರು. ಅಷ್ಟೇ ಗಿಡ್ಡ. ದೋಣಿಯ ಕೆಳಗಿಟ್ಟ ಟೈರುಗಳು ಏರುಪೇರಾಗಿವೆಯೇನೋ ಎಂದು ಸರಿಸಿ ನೋಡಿದಳು. ಗೋವಾದಲ್ಲಿ ಬಿಚ್ಚುವಾಗ ತಾನೇ ಬರೆದಿಟ್ಟುಕೊಂಡಿದ್ದ ಚೀಟಿ ತೆಗೆದು ಓದಿದಳು, ಮತ್ತೊಂದು ಸಲ ಓದಿದಳು. ಮೂರನೇ ಸಲ ಎಬ್ಬಿಸುವಾಗ ಹಗ್ಗ ಜಾರಿ ಹುಲಿಗೇಶನ ಎರಡೂ ಅಂಗೈ ಸುಲಿದವು.

ನಾನು ಭತ್ತದ ಚೀಲದ ಮೇಲೆ ಕೂತು ನೋಡುತ್ತಿದ್ದೆ. ಎರಡನೇ ಸಲಕ್ಕೇ ನನಗೆ ತಿಳಿದಿತ್ತು. ಕುಣಿ ಎದೆಯುದ್ದ ಇರುತ್ತದೆ, ಗಂಟು ಮಣ್ಣಿನಲ್ಲಿ ಕಳೆದುಹೋಗುತ್ತದೆ. ಈ ಬಟ್ಟಲಿನ ಆಳವೇ ಎರಡು ಬೆರಳು. ನನ್ನ ಗಂಟು ಅರ್ಧ ಬೆರಳು. ಆದರೆ ಬಾಯಿ ಬರಲಿಲ್ಲ. ಮರಿಬಸಪ್ಪನ ಪಾದ ಕಣ್ಣ ಮುಂದೆ ಬಂತು, ಆ ಕಂಬದ ಕೆಳಗೆ ನಿಂತ ಹುಡುಗಿಯ ಪಾದವೂ ಕಂಡಿತು.

ಅಷ್ಟರಲ್ಲಿ ಟ್ರ್ಯಾಕ್ಟರು ಬಂತು. ಹೆಂಗಸರು ಇಳಿದು ಸುತ್ತ ನಿಂತರು. ಹುಲಿಗೇಶ್ ಹಗ್ಗವನ್ನು ಗಾಡಿಯ ಕೊಕ್ಕೆಗೆ ಸುತ್ತಿಟ್ಟು, ಅಂಗೈ ಊದಿಕೊಳ್ಳುತ್ತ, ಕೆಂಪಿನ ಪಕ್ಕದ ತೂತಿಗೆ ಹಾಕಿಬಿಡು ತಂಗಿ, ಅದಾದರೆ ಸಲೀಸು ಬರುತ್ತದೆ ಅಂದ. ಅರ್ಧ ಬೆರಳನ್ನು ಅಲ್ಲಿ ಯಾರು ನೋಡುತ್ತಾರೆ ಅಂದ. ರೇಣುಕಾ ಬಹಳ ಹೊತ್ತು ಆ ಪಟ್ಟಿಯನ್ನೇ ನೋಡಿದಳು. ಆಮೇಲೆ ಪಿನ್ನು ತೆಗೆದುಕೊಂಡು, ಪಕ್ಕದ ತೂತಿನ ಕಡೆ ಕೈ ಒಯ್ದಳು.

"ಅದಕ್ಕ ಹಾಕಬ್ಯಾಡ," ಅಂದೆ ನಾನು. "ಕಂಬ ಇಳಿಸು. ಬುಡದಾಗ ನಾ ಒಂದು ಇಟ್ಟೀನಿ."

ಎಲ್ಲರೂ ನನ್ನ ಕಡೆ ತಿರುಗಿದರು.

"ಏನಿಟ್ಟಿ ಯಜಮಾನ, ಬಾಂಬೇನು?" ಅಂದ ಹುಲಿಗೇಶ್.

ಕಂಬ ಇಳಿಸಿದರು. ರೇಣುಕಾ ಬಟ್ಟಲಿಗೆ ಬೆರಳು ಹಾಕಿ ಎತ್ತಿದಳು. ಹಳದಿ ಬಟ್ಟೆ ಚಪ್ಪಟೆಯಾಗಿತ್ತು. ಕೊಂಬು ಜಜ್ಜಿ ಪುಡಿಯಾಗಿತ್ತು, ನಾಣ್ಯ ಹಾಗೇ ಇತ್ತು. ಬೈಯುತ್ತಾಳೆಂದು ತಲೆ ತಗ್ಗಿಸಿದೆ. ಅವಳು ಗಂಟನ್ನು ಅಂಗೈಯಲ್ಲಿಟ್ಟುಕೊಂಡು, ಹೆಬ್ಬೆರಳಿನಿಂದ ಅದರ ದಪ್ಪ ಅಳೆದು, ನಿಧಾನವಾಗಿ ಉಸಿರು ಬಿಟ್ಟಳು.

"ಹಂಗಾದ್ರ ನನ್ನ ಅಳತಿ ತಪ್ಪಿಲ್ಲ," ಅಂದಳು.

ಆಮೇಲೆ ಕೇಳಿದಳು, ನಾನು ಹೇಳಿದೆ. ಮರಿಬಸಪ್ಪ, ಕುಣಿ, ಚಾ ಅಂಗಡಿ, ಪಾದ, ಎಲ್ಲ. ಅಷ್ಟು ವರ್ಷದಲ್ಲಿ ಬಾಯಿಬಿಟ್ಟದ್ದು ಅದೇ ಮೊದಲು. ರೇಣುಕಾ ನನ್ನನ್ನು ತೊಲೆಯ ಹತ್ತಿರ ಕರೆದು, ನನ್ನ ಬೆರಳು ಹಿಡಿದು ಬಟ್ಟಲಿನ ಒಳಗೆ ಆಡಿಸಿದಳು. ಕನ್ನಡಿಯ ಹಾಗೆ ನುಣುಪು.

"ಇದಕ್ಕ ಕುಣಿ ಇಲ್ಲ ತಾತ. ಗಾಳಿ ಯಾವ ಕಡಿ ಬಂತು, ಆ ಕಡಿ ಕಂಬ ತಿರುಗಬೇಕು. ಅದಕ್ಕ ಬಟ್ಟಲು ಬರಿದಿರಬೇಕು."

ಕಂಬ ತಿರುಗುವುದೆಂದರೆ ನನಗೆ ನಂಬಿಕೆ ಬರಲಿಲ್ಲ. ಅಲುಗಬಾರದೆಂದು ಕಂಬ ನಿಲ್ಲಿಸುತ್ತಾರೆ. ನಿಂತ ಮೇಲೆ ತಿರುಗಿಸಿ ತೋರಿಸು ಅಂದೆ.

ಹುಲಿಗೇಶನ ಕೈ ಹಗ್ಗ ಹಿಡಿಯುವ ಹಾಗಿರಲಿಲ್ಲ. ಪಾರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು. ಏನು ಮಾಡಬೇಕೆಂದು ರೇಣುಕಾ ಹೇಳಿಕೊಟ್ಟಳು. ಅವಳು ಹಗ್ಗವನ್ನು ಕೈಗೆ ಸುತ್ತಿಕೊಳ್ಳದೆ, ನಡುವಿನ ಹಿಂದಿನಿಂದ ಹಾಯಿಸಿ, ಕಾಲು ಅಗಲಿಸಿ ನಿಂತಳು. ನಲವತ್ತು ವರ್ಷ ಭತ್ತ ಎಳೆದ ಕಾಲುಗಳು. ನಾನು ಅವಳನ್ನು ಬಲ್ಲ ಕಾಲದಿಂದ ಅಷ್ಟು ಹೊತ್ತು ಅವಳ ಬಾಯಿ ಮುಚ್ಚಿದ್ದು ಆವತ್ತು ಮಾತ್ರ. ರೇಣುಕಾ ಹೆಗಲು ಕೊಟ್ಟು ಎರಡು ಹೆಜ್ಜೆ ಬಂದಳು. ಪಾರಮ್ಮ ಕಾದಳು. ಮೂರನೇ ಹೆಜ್ಜೆಗೆ ಎಳಿ ಎಂದು ದನಿ ಬಂತು. ಪಾರಮ್ಮ ಜಗ್ಗಲಿಲ್ಲ, ಸುಮ್ಮನೆ ಹಿಂದಕ್ಕೆ ವಾಲಿದಳು. ಕಂಬ ಎದ್ದಿತು. ಬುಡ ಬಟ್ಟಲಿಗೆ ಇಳಿದ ಸದ್ದು ನನಗೆ ಕೇಳಿಸಿತು. ಕೊಡದ ಮೇಲೆ ಮುಚ್ಚಳ ಕೂತಂಥ ಸದ್ದು.

ತಂತಿ ಕೆಂಪು ತೂತಿಗೆ ತಾನೇ ಹುಡುಕಿಕೊಂಡು ಬಂದಂತೆ ಬಂತು. ಪಿನ್ನು ಹೋಯಿತು.

ಹಗ್ಗ ಬಿಡಬಹುದು ಎಂದು ಹೇಳಿದರೂ ಪಾರಮ್ಮ ಸ್ವಲ್ಪ ಹೊತ್ತು ಬಿಡಲಿಲ್ಲ. ನಾನು ಹೊರಸಿನ ಮೇಲೆ ಹತ್ತಿ, ಕಂಬಕ್ಕೆ ಎರಡು ಬೆರಳು ಹಚ್ಚಿ ತಳ್ಳಿದೆ. ಇಪ್ಪತ್ತಾರು ಅಡಿ ಕಂಬ ಮಗು ಮಗ್ಗುಲು ಹೊರಳಿದಂತೆ ತಿರುಗಿತು. ಬಿಟ್ಟೆ, ಮತ್ತೆ ತಳ್ಳಿದೆ. ಅದರ ಚೂಪು ಅಂಚು ಗಾಳಿಯ ಕಡೆ ಮುಖ ಮಾಡಿ ನಿಲ್ಲುತ್ತಿತ್ತು. ಹುಣಿಸೆ ಬೀಜದ ಆಕಾರ ಯಾಕೆಂದು ಆಗ ತಿಳಿಯಿತು. ಎಷ್ಟು ಸಲ ತಿರುಗಿಸಿದೆನೋ, ಕೊನೆಗೆ ಹುಲಿಗೇಶ್, ಯಜಮಾನನಿಗೊಂದು ಸಣ್ಣದು ಮಾಡಿಸಿ ಗೇಟಿಗೆ ಹಾಕೋಣ ಅಂದ.

ಆ ದಿನ ಸಂಜೆ ಇನ್ನೂ ನಾಲ್ಕು ಸಲ ಎಬ್ಬಿಸಿ ಇಳಿಸಿದರು. ನಾಲ್ಕು ಸಲವೂ ಹಗ್ಗ ಪಾರಮ್ಮನ ಕೈಯಲ್ಲೇ. ಪ್ರತಿ ಸಲವೂ ಎಬ್ಬಿಸುವ ಮೊದಲು ರೇಣುಕಾ ಬಟ್ಟಲಿನಲ್ಲಿ ಬೆರಳಾಡಿಸಿ ನೋಡುತ್ತಿದ್ದಳು, ನನ್ನ ಕಡೆ ಒಂದು ಸಲ ನೋಡುತ್ತಿದ್ದಳು. ಎಲ್ಲ ಬಿಚ್ಚಿ ಗಾಡಿಗೆ ಏರಿಸಿದ ಮೇಲೆ ಅವಳು ಪಾರಮ್ಮನ ಮುಂದೆ ಕುಕ್ಕರುಗಾಲಲ್ಲಿ ಕೂತು ಕೇಳಿದಳು.

"ಹೈದರಾಬಾದಿಗೆ ಬರ್ತೀಯೇನು ಅತ್ತಿ? ಹುಲಿಗೇಶಣ್ಣ ಹಿಡಿದ್ರ ಗಂಡ್ಸು ಎತ್ತಿದ ಅಂತಾರ. ಅದು ಬ್ಯಾರೆ ಮಾತು ಬಿಡು. ನೀ ನಾನು ಹೇಳಾತನಕ ಕಾಯ್ತಿ."

ಪಾರಮ್ಮ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದಳು. ಅವಳು ಪೂರ್ವಕ್ಕೆ ಆದವಾನಿ, ದಕ್ಷಿಣಕ್ಕೆ ಬಳ್ಳಾರಿ, ಇವೆರಡರ ಆಚೆ ಹೋದವಳಲ್ಲ. ಆ ಕೆರೆ ನಮ್ಮ ಕಾಲುವೆಗಿಂತ ದೊಡ್ಡದೇನು ಎಂದು ಕೇಳಿದಳು. ನೀರಿಗೆ ತಾನು ಇಳಿಯಬೇಕೇನು ಎಂದು ಕೇಳಿದಳು. ದಂಡೆಯ ಮೇಲೇ ನಿಂತರೆ ಸಾಕು ಎಂದು ರೇಣುಕಾ ಹೇಳಿದಳು.

"ಬಸ್ಸಿನಾಗ ನನಗ ವಾಂತಿ ಬರತೈತಿ," ಅಂದಳು ಪಾರಮ್ಮ. "ಕಿಟಕಿ ಕಡಿ ಕುಂದ್ರಿಸಿದ್ರ ಬರ್ತೀನಿ."

ರೇಣುಕಾ ತಿರುಗಿ ಕೊಟ್ಟಿದ್ದ ಗಂಟು ಇನ್ನೂ ನನ್ನ ಜೇಬಿನಲ್ಲಿತ್ತು. ಎಲ್ಲಿ ಇಡಬೇಕೆಂದು ತೋಚಿರಲಿಲ್ಲ. ಬಾಯಿಬಿಟ್ಟ ಗಂಟು, ಕುಣಿಯಿಲ್ಲದ ಕಂಬ. ಪಾರಮ್ಮ ಕೈ ಚಾಚಿದಳು. "ತಾ ಇಲ್ಲಿ. ನೆಲದ ಮ್ಯಾಲೆ ನಿಂದ್ರಾಕಿ ನಾನಲ್ಲೇನು," ಎಂದು ತನ್ನ ಎಲೆಯಡಿಕೆ ಸಂಚಿಯಲ್ಲಿ ಹಾಕಿಕೊಂಡಳು.

ಹೈದರಾಬಾದಿನ ಸುದ್ದಿ ಸೋಮವಾರ ಮಧ್ಯಾಹ್ನ ಫೋನಿನಲ್ಲಿ ಬಂತು. ಕೆಂಪು ತೂತಿಗೇ ಹೋಯಿತಂತೆ, ಒಂದೇ ಸಲಕ್ಕೆ. ಬೊಂಬಿನ ಕತ್ತರಿ ನೋಡಿ ಸಾಹೇಬರು ಅದೇನೆಂದು ಎರಡು ಸಲ ಕೇಳಿದರಂತೆ. ಬೀಗದ ಕೈ ಈಗ ಅವಳ ಹತ್ತಿರ ಇದೆ. ಅದು ಕೇಳಿದ್ದು. ನಾನು ಕಂಡದ್ದು ಇಷ್ಟು: ಶನಿವಾರ, ಇಬ್ಬನಿ ಆರುವ ಮುಂಚೆ, ಗಾಡಿ ಗೇಟು ದಾಟಿ ರಾಯಚೂರಿನ ದಾರಿ ಹಿಡಿಯಿತು. ಹುಲಿಗೇಶ್ ಅಂಗೈಗೆ ಬಟ್ಟೆ ಸುತ್ತಿಕೊಂಡು ಓಡಿಸುತ್ತಿದ್ದ. ನಡುವೆ ರೇಣುಕಾ, ಕಿಟಕಿಯ ಕಡೆ ಪಾರಮ್ಮ. ಹಿಂದೆ ಕಂಬದ ತುದಿಯ ಕೆಂಪು ಬಟ್ಟೆಯ ಪಕ್ಕದಲ್ಲಿ ನಮ್ಮ ಮಿಲ್ಲಿನ ಎರಡು ಗಳಗಳೂ ಹೋದವು.